ಡಬ್ಬಾ ನಮ್ಮದು, ನೆಲ ಅವರದು

ಈ ಸಲ ಪಿಎಫ್ ವಿಷಯ ಬರೀತೀನಿ ಅಂತ ಹೇಳಿದ್ದೆ. ಅದು ಮುಂದಿನ ಸಲಕ್ಕಿರಲಿ, ಬೇಜಾರಾಗಬೇಡಿ. ನಡುವೆ ಊರಿಂದ ಕಾಕಾನ ಫೋನ್ ಬಂತು.

ಕಾಕಾ ಕೆಲಸದ ಹೊತ್ತಿನಲ್ಲಿ ಫೋನ್ ಮಾಡೋನೇ ಅಲ್ಲ. ಮೀಟಿಂಗಿನಲ್ಲಿದ್ದೆ, ಎರಡು ಸಲ ಕಟ್ ಮಾಡಿದೆ. ಮೂರನೇ ಸಲ ಹೊರಗೆ ಬಂದು ಎತ್ತಿದೆ.

“ಯವ್ವಾ, ಡಬ್ಬಾ ಬಿಟ್ಟುಕೊಡು ಅನ್ನಾಕತ್ಯಾರ. ನಾಲ್ಕು ದಿನದಾಗ ಜಾಗಾ ಖಾಲಿ ಆಗಬೇಕಂತ.”

“ಯಾರು ಕಾಕಾ?”

“ಸಣ್ಣ ಮಾಲಕರು. ಜಾಗಾ ಮಾರ್ಯಾರಂತ. ಡಬ್ಬಾನೂ ಅಲ್ಲೇ ಬಿಟ್ಟು ಹೋಗು ಅಂತಾರ. ಹತ್ತೊಂಬತ್ತು ವರ್ಷ ನಮ್ಮ ನೆಲದಾಗ ನಿಂತೈತಿ, ಅದೂ ನೆಲಕ್ಕ ಸೇರಿದ್ದು ಅಂತಾರ. ಹೌದೇನು?”

ಆ “ಹೌದೇನು?” ಅನ್ನೋ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಡಿಗ್ರಿ ಇದೆ, ಕೆಲಸ ಇದೆ, ಈ ಅಂಕಣದಲ್ಲಿ ನಿಮಗೆಲ್ಲ ಬುದ್ಧಿ ಹೇಳ್ತೀನಿ. ಆದರೆ ನನ್ನ ಕಾಕಾನ ಡಬ್ಬಾ ಯಾರದು ಅಂತ ನನಗೇ ಗೊತ್ತಿರಲಿಲ್ಲ.

ಗುಡ್ಡದ ದಾರಿಯ ಡಬ್ಬಾ

ನಮ್ಮೂರು ಸಿಂಗಟಾಲೂರು. ಗದಗ ಜಿಲ್ಲೆ ಮುಂಡರಗಿ ತಾಲ್ಲೂಕು, ತುಂಗಭದ್ರೆಯ ದಂಡೆ. ಗುಡ್ಡದ ಮೇಲೆ ವೀರಭದ್ರೇಶ್ವರನ ಗುಡಿ. ಆ ದಾರಿಯಲ್ಲೇ ಕಾಕಾನ ಡಬ್ಬಾ ಅಂಗಡಿ. ಚಹಾ, ಮಿರ್ಚಿ, ಮಂಡಕ್ಕಿ, ಜೊತೆಗೆ ಕಾಯಿ, ಕರ್ಪೂರ, ಊದಿನಕಡ್ಡಿ. ಅಮಾವಾಸ್ಯೆ ದಿನ ಚಿಗವ್ವನೂ ಹೋಗಿ ನಿಲ್ಲಬೇಕು, ಅಷ್ಟು ಜನ.

ಡಬ್ಬಾ ಮಾಡಿಸಿದ್ದು ಮುಂಡರಗಿಯಲ್ಲಿ. ಕಬ್ಬಿಣದ ಆಂಗಲ್, ತಗಡು, ಕೆಳಗೆ ನಾಲ್ಕು ಗಾಲಿ. ಅದಕ್ಕೆ ಚಿಗವ್ವನ ಬಿಲ್ವಾರ ಒತ್ತೆ ಬಿದ್ದಿದ್ದವು, ಬಿಡಿಸಿಕೊಳ್ಳೋಕೆ ಮೂರು ವರ್ಷ ಹಿಡೀತು. ಮೊದಲು ಗಾಲಿ ತಿರುಗುತ್ತಿದ್ದವು. ಈಗ ಅರ್ಧ ಮಣ್ಣಲ್ಲಿ ಹೂತು ತುಕ್ಕು ಹಿಡಿದಿವೆ. ಮುಂದೆ ಒಂದು ಕಡಪಾ ಕಲ್ಲಿನ ಕಟ್ಟೆ, ಮೇಲೊಂದು ತಗಡಿನ ಚಪ್ಪರ.

ಜಾಗ ಊರಿನ ಒಬ್ಬರದು. ದೊಡ್ಡ ಮಾಲಕರು ಇದ್ದಾಗ ತಿಂಗಳಿಗೆ ನೂರು ರೂಪಾಯಿ. ಏರ್ತಾ ಏರ್ತಾ ಈಗ ಎಂಟುನೂರು. ಪ್ರತಿ ತಿಂಗಳು ಕೈಯಿಂದ ಕೈಗೆ. ಚೀಟಿ ಇಲ್ಲ, ರಸೀದಿ ಇಲ್ಲ. “ಅವರ ಕಡೆ ರಸೀದಿ ಕೇಳಿದ್ರ ಏನ್ ತಿಳ್ಕೊಂತಾರು?” ಅನ್ನೋದು ಕಾಕಾನ ಮಾತು.

ಅವತ್ತು ರಾತ್ರಿ ಮುಂಡರಗಿ ಬಸ್ಸಿನಲ್ಲಿ ಕೂತಾಗ ನೆನಪಾಯ್ತು. ಬೆಂಗಳೂರಿನ ನನ್ನ ಒಂದು ರೂಮಿಗೆ ಇ-ಸ್ಟಾಂಪ್ ಕಾಗದದ ಮೇಲೆ ಹನ್ನೊಂದು ತಿಂಗಳ ಕರಾರು ಇದೆ. ನಲ್ಲಿ ಎಷ್ಟು, ಫ್ಯಾನ್ ಎಷ್ಟು ಅಂತ ಪಟ್ಟಿ ಕೂಡ ಇದೆ. ನನ್ನ ಕಾಲೇಜು ಫೀ ಕಟ್ಟಿದ ಡಬ್ಬಾಕ್ಕೆ ಹತ್ತೊಂಬತ್ತು ವರ್ಷದಲ್ಲಿ ಒಂದು ತುಂಡು ಕಾಗದ ಇಲ್ಲ.

ವಕೀಲ ಅಕ್ಕಾರು ಕೇಳಿದ ಮೂರು ಪ್ರಶ್ನೆ

ಮುಂಡರಗಿಯಲ್ಲಿ ಪರಿಚಯದ ಒಬ್ಬ ವಕೀಲ ಅಕ್ಕಾರಿದ್ದಾರೆ. ಕಾಕಾನ್ನ ಕರ್ಕೊಂಡು ಅವರ ಹತ್ತಿರ ಹೋದೆ. ಕಾಕಾ ಟೋಪಿ ತೆಗೆದು ಕೈಯಲ್ಲಿ ಹಿಡ್ಕೊಂಡು ನಿಂತಿದ್ದ. “ಕೂಡ್ರಿ ಯಜಮಾನ್ರ, ನೀವೇನ್ ತಪ್ಪು ಮಾಡಿಲ್ಲ” ಅಂದ್ರು.

ಅವರು ಕೇಳಿದ್ದು ಮೂರೇ ಪ್ರಶ್ನೆ. ಬಾಡಿಗೆ ತಿಂಗಳ ಲೆಕ್ಕದಲ್ಲಿ ಕೊಡ್ತೀರೋ, ವರ್ಷದ ಲೆಕ್ಕದಲ್ಲೋ? ಡಬ್ಬಾದ ಕೀಲಿ ಯಾರ ಹತ್ತಿರ ಇದೆ? ಖಾಲಿ ಮಾಡು ಅಂತ ಬರೆದು ಕೊಟ್ಟಿದ್ದಾರೋ, ಬಾಯಲ್ಲಿ ಹೇಳಿದ್ದಾರೋ?

ತಿಂಗಳ ಲೆಕ್ಕ. ಕೀಲಿ ಕಾಕಾನ ಉಡದಾರದಲ್ಲೇ ಇದೆ. ಹೇಳಿದ್ದು ಬಾಯಲ್ಲಿ.

“ಹಂಗಾದ್ರ ಕೇಳ್ರಿ” ಅಂತ ಅವರು ಬಿಡಿಸಿ ಹೇಳಿದ್ದನ್ನ ನನ್ನ ಮಾತಲ್ಲಿ ಬರೀತೀನಿ.

ಮೊದಲನೇದು, ಕಾಗದ ಇಲ್ಲ ಅಂದಮಾತ್ರಕ್ಕೆ ಹಕ್ಕು ಇಲ್ಲ ಅಂತ ಅಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 107ನೇ ಕಲಂ ಪ್ರಕಾರ, ಒಂದು ವರ್ಷ ಮೀರಿದ ಅವಧಿಗೆ ಅಥವಾ ವರ್ಷದಿಂದ ವರ್ಷಕ್ಕೆ ಗುತ್ತಿಗೆ ಕೊಡೋದಾದ್ರೆ ನೋಂದಣಿ ಬೇಕು. ತಿಂಗಳ ಬಾಡಿಗೆಗೆ ಬಾಯಿಮಾತು ಮತ್ತು ಜಾಗದ ಸ್ವಾಧೀನ ಸಾಕು. ಕಾಕಾನದು ತಿಂಗಳಿಂದ ತಿಂಗಳಿಗೆ ನಡೆಯೋ ಬಾಡಿಗೆ.

ಎರಡನೇದು ನೋಟಿಸು. ಅದೇ ಕಾಯ್ದೆಯ 106ನೇ ಕಲಂ ಪ್ರಕಾರ ತಿಂಗಳ ಬಾಡಿಗೆಯನ್ನ ಮುಗಿಸಬೇಕಾದ್ರೆ 15 ದಿನದ ನೋಟಿಸು ಬೇಕು. ಅದು ಬರಹದಲ್ಲಿರಬೇಕು, ಸಹಿ ಇರಬೇಕು. ಚಹಾ ಕುಡೀತಾ “ನಾಲ್ಕು ದಿನದಾಗ ಬಿಡು” ಅಂದ್ರೆ ನೋಟಿಸು ಆಗಲ್ಲ.

ಮೂರನೇದು, ಜಾಗ ಮಾರಿದ್ರೆ ಬಾಡಿಗೆದಾರ ಆವಿಯಾಗಿ ಹೋಗಲ್ಲ. 109ನೇ ಕಲಂ ಪ್ರಕಾರ ಕೊಂಡವರು ಹಳೇ ಮಾಲೀಕರ ಜಾಗದಲ್ಲಿ ನಿಲ್ತಾರೆ. ಬಾಡಿಗೆ ಅವರಿಗೆ ಸಲ್ಲುತ್ತೆ, ನೋಟಿಸು ಕೊಡೋ ಹೊಣೆಯೂ ಅವರದೇ.

ನಾಲ್ಕನೇದೇ ಕಾಕಾನ ಪ್ರಶ್ನೆಗೆ ಉತ್ತರ. ಡಬ್ಬಾ ಯಾರದು?

108ನೇ ಕಲಂನ ಎಚ್ ಖಂಡದ ಪ್ರಕಾರ, ಬಾಡಿಗೆದಾರ ತಾನು ನೆಲಕ್ಕೆ ಜೋಡಿಸಿದ್ದನ್ನೆಲ್ಲ ತೆಗೆದುಕೊಂಡು ಹೋಗಬಹುದು. ನೆಲವನ್ನ ಮಾತ್ರ ಮೊದಲು ಹೇಗಿತ್ತೋ ಹಾಗೆ ಮಾಡಿ ಕೊಡಬೇಕು. ಬಾಡಿಗೆ ಮುಗಿದ ಮೇಲೂ ಈ ಹಕ್ಕು ಇರುತ್ತೆ. ಆದರೆ ಜಾಗ ನಿಮ್ಮ ಸ್ವಾಧೀನದಲ್ಲಿ ಇರೋವರೆಗೆ ಮಾತ್ರ, ಆಮೇಲಲ್ಲ.

ಅಕ್ಕಾರು ಈ ಮಾತನ್ನ ಎರಡು ಸಲ ಹೇಳಿದ್ರು. “ಯಜಮಾನ್ರ, ನೀವು ಇವತ್ತ ಕೀಲಿ ಕೊಟ್ಟು, ನಾಳೆ ಬಂದು ಡಬ್ಬಾ ಒಯ್ತೀನಿ ಅಂದ್ರಿ ಅಂದ್ರ ನಿಮ್ಮ ಕೈ ಸಡಿಲ ಆತು ಅಂತ ತಿಳ್ಕೋರಿ. ಹೋಗೂದಿದ್ರ ಡಬ್ಬಾದ ಕೂಡನ ಹೋಗ್ರಿ.”

ಕಾಕಾ ನನ್ನ ಮುಖ ನೋಡಿದ. ಹಿಂದಿನ ದಿನ ಸಂಜೆ ಅವನು ಕೀಲಿ ಬಿಚ್ಚಿ ಕೈಯಲ್ಲಿ ಹಿಡ್ಕೊಂಡಿದ್ದನಂತೆ. ಜಗಳ ಬೇಡ, ದೊಡ್ಡವರ ಮನೆತನ, ಕೊಟ್ಟುಬಿಡೋಣ ಅಂತ. ಚಿಗವ್ವ “ನಮ್ಮ ಹುಡುಗಿನ್ನ ಒಂದ್ ಮಾತು ಕೇಳ್ರಿ” ಅಂದಿದ್ದಕ್ಕೆ ನನಗೆ ಆ ಫೋನ್ ಬಂದಿತ್ತು. ನಾನು ಎರಡು ಸಲ ಕಟ್ ಮಾಡಿದ ಫೋನ್.

ನೆಲದ ಮೇಲಿದ್ದದ್ದೆಲ್ಲ ನೆಲದವರದಲ್ಲ

ನೆಲ ಯಾರದೋ ಮೇಲಿನದೂ ಅವರದೇ ಅನ್ನೋ ನಂಬಿಕೆ ನಮ್ಮ ಕಡೆ ಮಾತ್ರ ಅಲ್ಲ, ಇಂಗ್ಲೆಂಡಿನ ಹಳೇ ಕಾನೂನಿನಲ್ಲೂ ಇತ್ತು. ನಮ್ಮ ಕೋರ್ಟುಗಳು ಅದನ್ನ ಹಾಗೇ ಒಪ್ಪಲಿಲ್ಲ. 1958ರಲ್ಲಿ ಧೈರ್ಯವಾನ್ ವಿರುದ್ಧ ಠಾಕೂರ್ ಅನ್ನೋ ಮುಂಬೈ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೆಲದ ಮಾಲೀಕತ್ವ ಬೇರೆ, ಅದರ ಮೇಲೆ ಬಾಡಿಗೆದಾರ ಕಟ್ಟಿದ ಕಟ್ಟಡದ ಮಾಲೀಕತ್ವ ಬೇರೆ ಇರಬಹುದು ಅಂತ ಹೇಳಿತು. ಕಟ್ಟಡಕ್ಕೇ ಹೀಗಂದ ಮೇಲೆ ಗಾಲಿ ಇರೋ ಡಬ್ಬಾದ ಮಾತೇನು!

ಇದರಲ್ಲಿ ಒಂದು ಮುಳ್ಳೂ ಇದೆ. ಈ ಹಕ್ಕುಗಳೆಲ್ಲ “ಬೇರೆ ಕರಾರು ಇಲ್ಲದಿದ್ದರೆ” ಮಾತ್ರ. ಕರಾರಿನಲ್ಲಿ “ಅವಧಿ ಮುಗಿದ ಮೇಲೆ ಕಟ್ಟಿದ್ದೆಲ್ಲ ಮಾಲೀಕರಿಗೆ ಸೇರತಕ್ಕದ್ದು” ಅಂತ ಒಂದು ಸಾಲು ಇದ್ದು ನೀವು ಸಹಿ ಹಾಕಿದ್ರೆ, ಆ ಸಾಲೇ ಗೆಲ್ಲುತ್ತೆ. ಮುಂಬೈನ ಅದೇ ಪ್ರಕರಣದಲ್ಲೂ ಗುತ್ತಿಗೆ ಮುಗಿದಾಗ ಕಟ್ಟಡ ನೆಲದವರಿಗೆ ಹೋಗಬೇಕು ಅಂತ ಮೊದಲೇ ಬರೆದಿತ್ತು. ಕಾಗದ ಇಲ್ಲದೇ ಇರೋದು ಒಂದು ಕಷ್ಟ. ಓದದೇ ಸಹಿ ಹಾಕೋದು ಅದಕ್ಕಿಂತ ದೊಡ್ಡ ಕಷ್ಟ.

ಇನ್ನು ಬಲವಂತದ ವಿಷಯ. “ಜೆಸಿಬಿ ತರಸ್ತೀನಿ” ಅಂತ ಸಣ್ಣ ಮಾಲಕರು ಹೇಳಿದ್ರಂತೆ. ನಮ್ಮ ಕರ್ನಾಟಕದಿಂದಲೇ ಹೋದ ರಾಮೇಗೌಡ ವಿರುದ್ಧ ವರದಪ್ಪ ನಾಯ್ಡು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲಿ ಸ್ಪಷ್ಟ ಮಾಡಿದೆ: ಒಂದು ಜಾಗದಲ್ಲಿ ನೆಲೆಯೂರಿದ ಸ್ವಾಧೀನ ಇದ್ದವರನ್ನ ನಿಜವಾದ ಮಾಲೀಕರೂ ಕೈಬಲದಿಂದ ಎಬ್ಬಿಸುವಂತಿಲ್ಲ, ಕಾನೂನಿನ ದಾರಿಯಲ್ಲೇ ಬರಬೇಕು. ಹಾಗೂ ಎಬ್ಬಿಸಿದ್ರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಪ್ರಕಾರ ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ಮರಳಿ ಕೇಳಬಹುದು. ಸರ್ಕಾರದ ವಿರುದ್ಧ ಮಾತ್ರ ಈ ಕಲಂ ನಡೆಯಲ್ಲ.

ಕ್ಯಾಲಿಫೋರ್ನಿಯಾದಲ್ಲೂ ಇದೇ ಕಥೆ

ಆ ರಾತ್ರಿ ನಮ್ಮ ಹೈಸ್ಕೂಲ್ ವಾಟ್ಸಾಪ್ ಗ್ರೂಪಿನಲ್ಲಿ ಈ ವಿಷಯ ಹಾಕಿದೆ. ಕ್ಯಾಲಿಫೋರ್ನಿಯಾದಲ್ಲಿರೋ ಗೆಳತಿ ಕೂಡಲೇ ಉತ್ತರ ಬರೆದಳು: “ಇಲ್ಲೂ ಹಿಂಗೇ ಐತಿ, ಇಲ್ಲಿ ಡಬ್ಬಾದಾಗ ಅಂಗಡಿ ಅಲ್ಲ, ಮನೀನ ಇರ್ತಾವ.”

ಅಲ್ಲಿ ಮೊಬೈಲ್ ಹೋಮ್ ಅಂತ ಇವೆ. ಮನೆ ನಿಮ್ಮ ಸ್ವಂತದ್ದು, ನಿಲ್ಲಿಸಿದ ಜಾಗಕ್ಕೆ ತಿಂಗಳ ಬಾಡಿಗೆ. ಹೆಸರಿಗೆ ಚಲಿಸೋ ಮನೆ. ಒಂದು ಸಲ ನಿಂತ ಮೇಲೆ ಎತ್ತಿಸಿ ಸಾಗಿಸೋಕೆ ಅಷ್ಟು ಖರ್ಚು ಬರೋದ್ರಿಂದ ಹೆಚ್ಚಿನವು ಅಲ್ಲಾಡೋದೇ ಇಲ್ಲ. ನಮ್ಮ ಕಾಕಾನ ಗಾಲಿಗಳ ಹಾಗೆ. ಹಾಗಾಗಿ ನೆಲದವರು ಏನು ಹೇಳಿದ್ರೂ ಮನೆಯವರು ಒಪ್ಪಬೇಕಾದ ಸ್ಥಿತಿ. ಇದನ್ನ ನೋಡಿಯೇ ಆ ರಾಜ್ಯ ಇವರಿಗಂತ ಪ್ರತ್ಯೇಕ ಕಾನೂನು ಮಾಡಿದೆ. ಕಾನೂನಿನಲ್ಲಿ ಪಟ್ಟಿ ಮಾಡಿದ ಕಾರಣ ಇಲ್ಲದೆ ಎಬ್ಬಿಸುವಂತಿಲ್ಲ, 60 ದಿನದ ನೋಟಿಸು ಕೊಡಬೇಕು, ಬಾಡಿಗೆ ಏರಿಸಬೇಕಾದ್ರೆ 90 ದಿನ ಮೊದಲೇ ತಿಳಿಸಬೇಕು.

ನಮ್ಮಲ್ಲಿ ಖಾಸಗಿ ಜಾಗದ ಡಬ್ಬಾಕ್ಕೆ ಅಂಥ ಪ್ರತ್ಯೇಕ ರಕ್ಷಣೆ ಇಲ್ಲ, 15 ದಿನ ಅಷ್ಟೆ. ಪಟ್ಟಣದ ರಸ್ತೆಬದಿಯ ವ್ಯಾಪಾರಿಗಳಿಗೆ ಮಾತ್ರ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಇದೆ. ಪುರಸಭೆ, ನಗರಸಭೆಗಳಲ್ಲಿ ವ್ಯಾಪಾರ ಪ್ರಮಾಣಪತ್ರ, ವ್ಯಾಪಾರಿಗಳೂ ಸದಸ್ಯರಾಗಿರೋ ಸಮಿತಿ, ಸ್ಥಳಾಂತರಕ್ಕೆ ಮೊದಲು 30 ದಿನದ ನೋಟಿಸು, ಎಲ್ಲ ಅದರಲ್ಲಿದೆ. ಮುಂಡರಗಿ ಬಜಾರಿನ ತಳ್ಳುಗಾಡಿಯವರಿಗೆ ಇದು ಅನ್ವಯ. ನಮ್ಮ ಹಳ್ಳಿಯ ಖಾಸಗಿ ಜಾಗದ ಡಬ್ಬಾಕ್ಕೆ ಅಲ್ಲ.

ಮನೆಯ ವಿಷಯವೇ ಬೇರೆ. ನಮ್ಮ ಮುಂಡರಗಿ, ಶಿರಹಟ್ಟಿ ಕಡೆ ಬೇಕಾದಷ್ಟು ತಾಂಡಾಗಳಿವೆ. ಮನೆ ಕಟ್ಟಿ ಎಷ್ಟೋ ವರ್ಷ ಆದ್ರೂ ನೆಲ ಬೇರೆಯವರ ಹೆಸರಲ್ಲಿ ಇರುತ್ತೆ. ಅಂಥವರಿಗೆ ಕರ್ನಾಟಕ ಭೂ ಸುಧಾರಣಾ ಕಾಯ್ದೆಗೆ 38ಎ ಕಲಂ ಸೇರಿಸಲಾಯ್ತು. ತಾಂಡಾ, ಹಟ್ಟಿ, ಹಾಡಿ, ಕ್ಯಾಂಪುಗಳಂಥ ದಾಖಲೆ ಇಲ್ಲದ ಜನವಸತಿಯಲ್ಲಿ ಖಾಸಗಿ ನೆಲದ ಮೇಲೆ ಮನೆ ಇದ್ದವರಿಗೆ ಹಕ್ಕುಪತ್ರ ಸಿಗೋ ದಾರಿ ಅದು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಒಂದೇ ದಿನ ಸುಮಾರು 50 ಸಾವಿರ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟ ಸುದ್ದಿ ನೀವೂ ಓದಿರ್ತೀರಿ. ನಿಮ್ಮ ತಾಂಡಾ ಪಟ್ಟಿಯಲ್ಲಿ ಇದೆಯಾ ಅಂತ ತಹಶೀಲ್ದಾರ್ ಕಚೇರಿಯಲ್ಲಿ ಒಂದು ಸಲ ಕೇಳಿ.

ಆಮೇಲೆ ಏನಾಯ್ತು

ಅಕ್ಕಾರು ಒಂದೇ ಪುಟದ ಪತ್ರ ಬರೆದ್ರು. ಬೆದರಿಕೆ ಇಲ್ಲ, ದೊಡ್ಡ ಮಾತಿಲ್ಲ. ಇಂಥವರು ಇಷ್ಟು ವರ್ಷದಿಂದ ಬಾಡಿಗೆಗೆ ಇದ್ದಾರೆ, ಡಬ್ಬಾ ಅವರ ಸ್ವಂತದ್ದು, ಕಾನೂನಿನ ಪ್ರಕಾರ ನೋಟಿಸು ಕೊಡಿ, ಅಲ್ಲಿವರೆಗೆ ಬಾಡಿಗೆ ಸಲ್ಲುತ್ತೆ. ಮಾರಿದವರಿಗೆ ಒಂದು, ಕೊಂಡವರಿಗೆ ಒಂದು, ಸ್ಪೀಡ್ ಪೋಸ್ಟ್.

ನಾನು ಆ ಎರಡು ದಿನ ಪುರಾವೆ ಹುಡುಕಿದೆ. ಡಬ್ಬಾದ ಹೆಸ್ಕಾಂ ಬಿಲ್ಲು ಕಾಕಾನ ಹೆಸರಲ್ಲಿತ್ತು. ವೆಲ್ಡಿಂಗ್ ಅಂಗಡಿಯ ಹಳೇ ಬಿಲ್ಲನ್ನ ಚಿಗವ್ವ ಟ್ರಂಕಿನಲ್ಲಿ ಇಟ್ಟಿದ್ದಳು, ಬಿಲ್ವಾರದ ಒತ್ತೆ ಚೀಟಿಯ ಜೊತೆ. ಹಳೇ ಜಾತ್ರೆಯ ಫೋಟೋಗಳಲ್ಲಿ ಹಿಂದೆ ಡಬ್ಬಾ ಕಾಣ್ತಿತ್ತು. ಒಂದರಲ್ಲಿ ನಾನು ಎರಡು ಜಡೆ ಹಾಕ್ಕೊಂಡು ಕಟ್ಟೆ ಮೇಲೆ ಕೂತಿದ್ದೀನಿ.

ಮುಂದಿನ ವಾರ ಜಾಗ ಕೊಂಡವರೇ ಕಾರಲ್ಲಿ ಬಂದ್ರು. ಕಾಕಾ ಚಹಾ ಕೊಟ್ಟ. ಅವರು ಕುಡಿದು ಹೇಳಿದ್ದು ಇಷ್ಟು: “ಯಜಮಾನ್ರ, ನನಗ ನಿಮ್ಮ ಡಬ್ಬಾ ಬ್ಯಾಡ. ಅದೂ ಜಾಗದ ಜೋಡಿ ಬರ್ತೈತಿ ಅಂತ ನನಗ ಹೇಳಿದ್ರು. ನಿಮ್ಮದು ಅಂತ ಗೊತ್ತಿರಲಿಲ್ಲ. ಆದ್ರ ಜಾಗಾ ಬೇಕರಿ, ಕಟ್ಟಸೂದೈತಿ.”

ಇಲ್ಲಿ ನಾನು ನಿಮಗೆ ಸುಳ್ಳು ಸಮಾಧಾನ ಹೇಳಲ್ಲ. ಕಾನೂನು ಕಾಕಾನಿಗೆ ಆ ಜಾಗದಲ್ಲಿ ಶಾಶ್ವತವಾಗಿ ಕೂರೋ ಹಕ್ಕು ಕೊಡಲ್ಲ. ಸರಿಯಾದ ನೋಟಿಸು ಕೊಟ್ಟು ಕೋರ್ಟಿಗೆ ಹೋದ್ರೆ ಒಂದಲ್ಲ ಒಂದಿನ ಬಿಡಲೇಬೇಕಿತ್ತು. ಕಾನೂನು ಕೊಟ್ಟಿದ್ದು ಡಬ್ಬಾ, ಸಮಯ, ಮತ್ತೆ ಎದುರುಬದುರು ಕೂತು ಮಾತಾಡೋ ಅವಕಾಶ. ಎರಡು ತಿಂಗಳ ಮಾತಾಯ್ತು, ಅದನ್ನೂ ಬರೆಸಿಕೊಂಡ್ವಿ. ಆ ಎರಡು ತಿಂಗಳ ಬಾಡಿಗೆಯನ್ನ ಕಾಕಾ ಮೊದಲ ಸಲ ಫೋನ್‌ಪೇ ಮಾಡಿದ. ನೋಟಿನ ಕಡೆ “ಡಬ್ಬಾ ಜಾಗದ ಬಾಡಿಗೆ” ಅಂತ ನಾನೇ ಟೈಪ್ ಮಾಡಿ ತೋರಿಸಿದೆ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ರೆ

ನಮ್ಮಲ್ಲಿ ಎಷ್ಟೋ ಜನರ ಅಪ್ಪ, ಮಾವ, ಅಣ್ಣ ಇಂಥ ಜಾಗದಲ್ಲೇ ದುಡೀತಿದ್ದಾರೆ. ಈ ಭಾನುವಾರ ಫೋನ್ ಮಾಡಿ ಇಷ್ಟು ಕೇಳಿ:

• ಬಾಡಿಗೆ ಇಸ್ಕೊಳ್ಳೋರ ಹೆಸರಲ್ಲೇ ಉತಾರ ಇದೆಯಾ? ರಸ್ತೆಗೋ ಪಂಚಾಯ್ತಿಗೋ ಸೇರಿದ ಜಾಗಕ್ಕೆ ಬೇರೆ ಯಾರೋ ಬಾಡಿಗೆ ವಸೂಲಿ ಮಾಡ್ತಿರಬಹುದು.

• ಬಾಡಿಗೆ ಕೈಗೆ ಕೊಡೋದನ್ನ ನಿಲ್ಲಿಸಿ, ಯುಪಿಐ ಅಥವಾ ಬ್ಯಾಂಕಿನ ಮೂಲಕ ಕೊಡಿ. ರಸೀದಿ ಕೇಳೋಕೆ ಸಂಕೋಚ ಆಗೋರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ.

• ಹನ್ನೊಂದು ತಿಂಗಳ ಕರಾರು ಮಾಡಿಸಿ. ಅದರಲ್ಲಿ ಮೂರು ಸಾಲು ಇರಲಿ. ಡಬ್ಬಾ ಅಥವಾ ಶೆಡ್ ಬಾಡಿಗೆದಾರರ ಸ್ವಂತದ್ದು. ಬಿಡುವಾಗ ಅದನ್ನ ಒಯ್ಯಬಹುದು. ನೋಟಿಸು ಇಷ್ಟು ದಿನ ಅಂತ ಸ್ಪಷ್ಟ ಸಂಖ್ಯೆ. ಕಾನೂನಿನ 15 ದಿನಕ್ಕಿಂತ ಹೆಚ್ಚು ಬರೆಸಿಕೊಳ್ಳಬಹುದು.

• ಮಾಡಿಸಿದ ಬಿಲ್ಲು, ಕರೆಂಟ್ ಬಿಲ್ಲು, ಪಂಚಾಯ್ತಿ ರಸೀದಿ, ಫೋಟೋ ಎಲ್ಲ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ವಾಟ್ಸಾಪ್ ಮಾತುಕತೆ ಡಿಲೀಟ್ ಮಾಡಬೇಡಿ.

• ಜಗಳ ಆದ್ರೂ ಕೀಲಿ ಕೊಡಬೇಡಿ, ಡಬ್ಬಾ ಬಿಟ್ಟು ಬರಬೇಡಿ.

• ವಕೀಲರ ಫೀಗೆ ದುಡ್ಡಿಲ್ಲ ಅಂದ್ರೆ ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತೆ. ಸಹಾಯವಾಣಿ 15100. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತೆ.

ಹೋದ ವಾರ ಡಬ್ಬಾ ಎತ್ತಿದ್ವಿ. ಊರಿನ ಎಂಟು ಹುಡುಗರು, ಒಂದು ಟ್ರ್ಯಾಕ್ಟರ್. ಮಣ್ಣಿಂದ ಗಾಲಿ ಬಿಡಿಸೋಕೇ ಅರ್ಧ ದಿನ ಹಿಡೀತು. ಡಬ್ಬಾದ ಅಡಿಯಲ್ಲಿ ಹತ್ತೊಂಬತ್ತು ವರ್ಷದಿಂದ ಬಿದ್ದ ಚಿಲ್ಲರೆ ಸಿಕ್ತು. ಚಿಗವ್ವ ಅದನ್ನ ತೊಳೆದು ವೀರಭದ್ರನ ಹುಂಡಿಗೆ ಹಾಕಿದಳು. ಕಾಕಾ ಸಲಿಕೆ ತಗೊಂಡು ಗುಂಡಿಗೆಲ್ಲ ಮಣ್ಣು ತುಂಬಿ, ತುಳಿದು, ನೀರು ಹೊಡೆದ. “ಹೆಂಗ ಇಸ್ಕೊಂಡಿದ್ವಿ ಹಂಗ ಕೊಡಬೇಕಂತ ಅಕ್ಕಾರು ಹೇಳ್ಯಾರಲ್ಲ” ಅಂದ.

ಹೊಸ ಜಾಗ ಅಲ್ಲಿಂದ ಸ್ವಲ್ಪ ಮೇಲೆ, ಬೇರೆಯವರದು. ಈ ಸಲ ಕರಾರು ಇದೆ. ಕಾಕಾ ಅದನ್ನ ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ ಡಬ್ಬಾದೊಳಗೆ ದೇವರ ಫೋಟೋದ ಹಿಂದೆ ಇಟ್ಟಿದ್ದಾನೆ. ಸಹಿ ಹಾಕೋ ಮುಂಚೆ ನನ್ನಿಂದ ಎರಡು ಸಲ ಓದಿಸಿದ. ಆಮೇಲೆ ಕೇಳಿದ:

“ನಿಂದು ಬೆಂಗಳೂರಾಗಿನ ರೂಮಿಂದೂ ಕಾಗದ ಐತಲ್ಲ?”

“ಐತಿ ಕಾಕಾ.”

“ಓದೀಯೇನು?”

ನಾನು ಚಹಾ ಕಪ್ಪಿನೊಳಗೆ ಮುಖ ಇಟ್ಟೆ. ಫ್ಯಾನು, ನಲ್ಲಿಯ ಪಟ್ಟಿ ಬಿಟ್ರೆ ಬೇರೇನೂ ಓದಿರಲಿಲ್ಲ. ವಾಪಸ್ ಬರೋ ಬಸ್ಸಿನಲ್ಲಿ ಮೊದಲ ಸಲ ಪೂರ್ತಿ ಓದಿದೆ. ನೀವೂ ನಿಮ್ಮದನ್ನ ಒಂದು ಸಲ ತೆಗೆದು ಓದಿ. ಪಿಎಫ್ ವಿಷಯ ಮುಂದಿನ ಸಲ, ಖಂಡಿತ.